ಕೊಟ್ರಪ್ಪನವರ ಮನೆಗೆ ಬಂದ ಬೀಗತಿ

ಕೊಟ್ರಪ್ಪನವರ ಪರಿಚಯವಾದದ್ದು ಮದರಾಸಿನ ಪುರಸೈವಾಕ್ಕಂನ ಅವರ ಪಾತ್ರೆ ಅಂಗಡಿಯಲ್ಲಿ. ನಮ್ಮ ಆಷಾಢದ ಹೊತ್ತಿಗೆ ಬರುವ ತಮಿಳರ ಆಡಿ ತಿಂಗಳ ರಿಯಾಯಿತಿ ಮಾರಾಟದ ನೂಕುನುಗ್ಗಲು, ಬೀದಿಯುದ್ದಕ್ಕೂ ಸೀರೆ ಅಂಗಡಿಯವರ ಕೂಗು. ಹಣೆಗೆ ವಿಭೂತಿ ಧರಿಸಿ ಅರ್ಧ ತೋಳಿನ ಬಿಳಿಯಂಗಿ ತೊಟ್ಟ ಗೃಹಸ್ಥರೊಬ್ಬರು ಒಳಗಿನ ಮೂಲೆಯಲ್ಲಿ ಕುಳಿತು, ಗಿರಾಕಿಗಳು ಕೊಂಡ ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದರು. ನನ್ನ ಮೊಮ್ಮಗಳಿಗೆಂದು ಕೊಂಡ ಬಟ್ಟಲನ್ನು ಅವರ ಮುಂದಿಟ್ಟು ‘ಪಾವನಾ’ ಎಂದು ಹೇಳಿದ್ದಾಯಿತು. ಅವರು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡರು, ಮತ್ತೊಮ್ಮೆ ತುಟಿಯಲ್ಲೇ ಹೇಳಿಕೊಂಡರು, ಆಮೇಲೆ ಮಷೀನಿನ ಮೊನೆಯನ್ನು ಸ್ಟೀಲಿಗೆ ತಾಗಿಸಿದರು. ಹೀಗೇಕೆ ಎಂದು ಕೇಳಿದ್ದಕ್ಕೆ ತಲೆಯೆತ್ತದೆಯೇ ನಕ್ಕರು.

“ಬಾಯಾಗ ಬರಲಾರದ ಹೆಸರು ನನ್ನ ಕೈಯಾಗ ಬರಂಗಿಲ್ರಿ. ಹಾಳ್ಯಾಗ ತಪ್ಪಿದ್ರ ಒರಸಬಹುದು. ಇದು ಸ್ಟೀಲು.”

ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ಅಂದು ಕಾಫಿ ತರಿಸಿದರು. ಕೊಟ್ಟೂರಿನ ಕಡೆಯವರು, ಸೋದರಮಾವನ ಅಂಗಡಿಗೆಂದು ಮದರಾಸಿಗೆ ಬಂದು ಇಲ್ಲಿಯೇ ನೆಲೆನಿಂತವರು. ಪರಿಚಯ ಬೆಳೆದ ಮೇಲೆ, ಅವರೂ ಅವರ ಹೆಂಡತಿ ಜಗದೇವಿಯವರೂ ಒಬ್ಬರ ಮಾತನ್ನು ಒಬ್ಬರು ತಿದ್ದುತ್ತ ಹೇಳಿದ ಸಂಗತಿ ಇದು.

ಅವರ ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲೆ. ಆ ಮನೆಯಲ್ಲಿ ಎಲ್ಲರ ತಟ್ಟೆಗೂ ಹೆಸರುಂಟು: ಕೊಟ್ರಪ್ಪ, ಜಗದೇವಿ, ಒಬ್ಬಳೇ ಮಗಳು ಬಿಂದು. ಹೆಸರು ಬಿದ್ದ ತಟ್ಟೆಯಿದ್ದವರು ಮನೆಯವರು, ಉಳಿದವರು ಬಂದುಹೋಗುವವರು ಎಂಬುದು ಯಾರೂ ಹೇಳದೆ ನಡೆದುಬಂದ ರೂಢಿ.

ಬಿಂದು ಹನ್ನೆರಡನೆಯ ತರಗತಿಯಲ್ಲಿದ್ದ ವರ್ಷ ಜಗದೇವಿಯವರ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ಕಳುಹಿಸಿದರು. ಡಾಕ್ಟರ ಫೋನು ಬಂದಾಗ ಕೊಟ್ರಪ್ಪ ಮನೆಯಲ್ಲಿಯೇ ಇದ್ದರು. ನಡುಮನೆಯಲ್ಲಿ ಬಿಂದು ಪುಸ್ತಕ ಹರಡಿಕೊಂಡು ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಜಗದೇವಿ ಗಂಡನ ಮುಖವನ್ನೇ ನೋಡುತ್ತಿದ್ದರು. ಕೊಟ್ರಪ್ಪ ಫೋನು ಕೆಳಗಿಟ್ಟರು. ಅವರ ಊರಿನಲ್ಲಿ ಮೈಮೇಲೆ ಬೊಕ್ಕೆ ಎದ್ದರೆ ಯಾರೂ ಬೇನೆಯ ಹೆಸರು ಎತ್ತುತ್ತಿರಲಿಲ್ಲ, ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ಆ ಮಾತೇ ನಾಲಗೆಯ ತುದಿಗೆ ಬಂತು. ಆದರೆ ಮಗಳ ಎದುರಿಗೆ ಅಮ್ಮ ಎನ್ನುವುದು ಹೇಗೆ?

“ಬೀಗತಿ ಬಂದಾಳ” ಎಂದರು.

ಮಗಳ ಮದುವೆಯೇ ಆಗದ ಮನೆಗೆ ಬೀಗತಿ! ಜಗದೇವಿಗೆ ತಿಳಿಯಿತು. “ಖರೇನ?” ಎಂದು ಕೇಳಿ, ಗಂಡ ತಲೆಯಾಡಿಸಿದ್ದನ್ನು ನೋಡಿ, “ಇರ್ಲಿ, ಬಂದೋರನ್ನ ಏನ್ ಮಾಡಾಕ ಬರ್ತೈತಿ” ಎಂದು ಒಲೆಯ ಕಡೆಗೆ ತಿರುಗಿದರು.

ಅಂದಿನಿಂದ ಆ ಮಾತು ಅವರಿಬ್ಬರಿಗೂ ಒಂದು ಆಸರೆಯಾಯಿತು. ಆಸ್ಪತ್ರೆಯಲ್ಲಿ ನರಕ್ಕೆ ಔಷಧಿ ಏರಿಸಿಕೊಂಡು ಬಂದ ದಿನ ‘ಬೀಗತಿಗೆ ಊಟ ಆತು’ ಎನ್ನುವರು. ವಾಂತಿಯಾದರೆ ‘ಬೀಗತಿ ಸಿಟ್ಟಿಗೆದ್ದಾಳ’. ಮೊದಮೊದಲು ನಗುವೂ ಬರುತ್ತಿತ್ತು. ಮಗಳಿಗೆ ಹೊಟ್ಟೆಯ ಹುಣ್ಣು ಎಂದು ಹೇಳಿದ್ದರು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂಬುದು ಲೆಕ್ಕ. ಕೂದಲು ಉದುರಿದ ಮೇಲೆ ಜಗದೇವಿ ತವರೂರಿನ ಹೆಂಗಸರ ಹಾಗೆ ತಲೆಯ ತುಂಬ ಸೆರಗು ಹೊದ್ದುಕೊಂಡರು. “ಅಮ್ಮಾ, ನೀ ಪಟ್ಟಿಕಾಡು ಪಾಟಿ ಮಾದಿರಿ ಇರುಕ್ಕೆ” ಎಂದು, ಹಳ್ಳಿಯ ಅಜ್ಜಿಯ ಹಾಗೆ ಕಾಣುತ್ತೀ ಎಂದು ಬಿಂದು ರೇಗಿಸಿದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿಯೇ ಬರುತ್ತಿತ್ತು.

ಗಂಡಹೆಂಡಿರು ನಿಜ ಸಂಗತಿಯನ್ನು ತಾವಿಬ್ಬರೇ ಇದ್ದಾಗಲೂ ಆಡಲಿಲ್ಲ. ಮಗಳಿಗಾಗಿ ಹಾಕಿದ ಪರದೆ ತಮ್ಮ ನಡುವೆಯೂ ಇಳಿಬಿದ್ದದ್ದು ಕೊಟ್ರಪ್ಪನವರಿಗೆ ಬಹಳ ದಿನ ಗೊತ್ತೇ ಆಗಲಿಲ್ಲ.

ಗೊತ್ತಾಗತೊಡಗಿದ್ದು ಬೆತ್ತದ ಕುರ್ಚಿಯಿಂದ. ಕಿಟಕಿಯ ಪಕ್ಕದಲ್ಲಿದ್ದ ಅದರಲ್ಲಿ ಒಂದು ಭಾನುವಾರ ಪೇಪರು ಹಿಡಿದು ಕೂರಹೋದಾಗ ಜಗದೇವಿ, “ಅಲ್ಲಿ ಬ್ಯಾಡ್ರಿ, ಈ ಕಡೆ ಬರ್ರಿ” ಎಂದರು. ಕಾರಣ ಕೇಳಲಿಲ್ಲ. ಈ ಕಡೆಗೆ ಬಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯ ಬೆತ್ತ ಯಾರೋ ಮೈಭಾರ ಬಿಟ್ಟು ಕೂತಾಗ ಆಗುವಂತೆ ಕಿರ್ರೆಂದು ಸದ್ದು ಮಾಡಿತು. ಬಿಸಿಲಿಗೆ ಬೆತ್ತ ಬಿಗಿಯುವುದುಂಟು. ಪೇಪರು ಮಡಚಿ ಹೆಂಡತಿಯನ್ನು ನೋಡಿದರು. ಆಕೆ ಕುರ್ಚಿಯನ್ನು ನೋಡುತ್ತಿದ್ದರು, ಅತಿಥಿಯ ಎದುರಿಗೆ ಹಿಡಿಯುವ ಸಣ್ಣ ನಗುಮುಖದಲ್ಲಿ.

ಆಮೇಲೆ ತಟ್ಟೆ. ಜಗದೇವಿಗೆ ನಿಲ್ಲಲಾಗದ ದಿನಗಳಲ್ಲಿ ಬಡಿಸುವ ಕೆಲಸ ಕೊಟ್ರಪ್ಪನವರದು. ಒಂದು ದಿನ ನೋಡುತ್ತಾರೆ, ನೆಲದ ಮೇಲೆ ನಾಲ್ಕು ತಟ್ಟೆಗಳು. ನಾಲ್ಕನೆಯದಕ್ಕೆ ಹೆಸರಿಲ್ಲ, ಅಂಗಡಿಯಿಂದ ಬಂದ ಹೊಸ ತಟ್ಟೆ. ಹೆಂಡತಿ ಇಟ್ಟರೋ ತಮ್ಮ ಕೈಯೇ ಇಟ್ಟಿತೋ ಅವರಿಗೆ ನೆನಪಾಗಲಿಲ್ಲ. ಎತ್ತಿಡಲು ಬಗ್ಗಿದವರಿಗೆ ಕೈ ಬರಲಿಲ್ಲ. ಬಡಿಸಿದ ಎಲೆಯನ್ನು ಎತ್ತಿದ ಹಾಗೆ ಅನ್ನಿಸಿತು. ಮಧ್ಯಾಹ್ನ ಅಂಗಡಿಯಿಂದ ಫೋನು ಮಾಡಿದರೆ ಜಗದೇವಿ, “ತಡೀರಿ, ಅಕಿ ಮಾತಾಡಾಕತ್ಯಾಳ” ಎನ್ನುವರು. ಆ ತುದಿಯಲ್ಲಿ ಯಾರ ದನಿಯೂ ಕೇಳುತ್ತಿರಲಿಲ್ಲ, ಮೌನ, ನಡುವೆ ಬೆತ್ತದ ಕಿರ್ರು, ಆಮೇಲೆ ಹೆಂಡತಿಯ “ಹೂಂ, ಹೂಂ.” ಕೊಟ್ರಪ್ಪ ಫೋನು ಹಿಡಿದುಕೊಂಡೇ ಕಾಯುತ್ತಿದ್ದರು. ಯಾರು ಎಂದು ಕೇಳಲು ಧೈರ್ಯವಾಗಲಿಲ್ಲ, ಏಕೆಂದರೆ ಅವಳನ್ನು ಮನೆಗೆ ಕರೆತಂದ ಮಾತು ತಮ್ಮದೇ.

ಒಂದು ಶನಿವಾರ ಬಿಂದು ಸ್ಪೆಷಲ್ ಕ್ಲಾಸು ಮುಗಿಸಿ ಮಧ್ಯಾಹ್ನವೇ ಮನೆಗೆ ಹೋದವಳು, ಚೀಲವನ್ನೂ ಇಳಿಸದೆ ಅಂಗಡಿಗೆ ಬಂದಳು. ಮುಖ ಕೆಂಪಾಗಿತ್ತು.

“ಅಂದ ಆಂಟಿ ಯಾರುಪ್ಪಾ?”

ಆ ಆಂಟಿ ಯಾರು ಎಂದರೆ, ಯಾವ ಆಂಟಿ ಎಂದು ತಂದೆ ಕೇಳಿದರು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರಲ್ಲ, ತಲೆಯಲ್ಲಿ ಕೂದಲೇ ಇಲ್ಲ, ಬೆನ್ನು ಮಾಡಿ ಕೂತವರು ಕರೆದರೂ ತಿರುಗಿ ನೋಡಲಿಲ್ಲ ಎಂದಳು. ಆಮೇಲೆ ಅವಳ ಸಿಟ್ಟಿನ ಕಾರಣ ಹೊರಬಿತ್ತು. ಬೀಗತಿ ಬೀಗತಿ ಎಂದು ನೀವಿಬ್ಬರೂ ಗುಸುಗುಸು ಮಾಡುವುದು ನನಗೆ ಕೇಳುವುದಿಲ್ಲವೇ, ಪರೀಕ್ಷೆಗೂ ಮೊದಲೇ ನನಗೆ ಗಂಡು ಗೊತ್ತುಮಾಡಿದ್ದೀರಾ, ನನ್ನನ್ನು ನೋಡಲು ಬಂದವರಾ ಅವರು ಎಂದು ತಮಿಳಿನಲ್ಲಿ ಬಡಬಡಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು.

ಸೆರಗು ಜಾರಿದ ಜಗದೇವಿಯನ್ನೇ ಹುಡುಗಿ ಬೇರೆಯವಳೆಂದು ತಿಳಿದಿದ್ದಾಳೆ ಎಂದು ಕೊಟ್ರಪ್ಪ ಸಮಾಧಾನ ತಂದುಕೊಂಡರು. ನಿಜ ಹೇಳಲು ಅದೇ ಸಮಯವಾಗಿತ್ತು. ಆದರೆ ಅವರು, “ಯಾರೋ ಊರ ಕಡೇರು, ಹೋಗ್ತಾರ ಬಿಡು” ಎಂದುಬಿಟ್ಟರು. ಮಗಳು ಅವರ ಮುಖವನ್ನೇ ನೋಡಿ ಹೊರಟುಹೋದಳು. ಆ ಮೇಲೆ ಅವಳು ತಂದೆತಾಯಿಗಳ ಜತೆ ಮಾತು ಕಡಮೆ ಮಾಡಿದಳು. ಮೂವರ ಮನೆಯಲ್ಲಿ ಮೂವರೂ ಒಬ್ಬೊಬ್ಬರೇ ಆದರು, ನಾಲ್ಕನೆಯವಳು ಹಾಯಾಗಿ ಬೇರುಬಿಟ್ಟಳು.

ಅಷ್ಟರಲ್ಲಿ ಔಷಧಿ ಏರಿಸುವ ಸರದಿ ಮುಗಿಯಿತು. ಇನ್ನು ತಡಮಾಡದೆ ಆಪರೇಷನ್ ಆಗಬೇಕು, ಗಂಟು ಕುಗ್ಗಿರುವಾಗಲೇ ತೆಗೆಯಬೇಕು, ಬಿಟ್ಟರೆ ಮತ್ತೆ ಬೆಳೆದು ಬೇರೆ ಕಡೆಗೆ ಹರಡೀತು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ದಿನ ಗೊತ್ತಾಯಿತು. ಜಗದೇವಿ ಹೊರಡಲಿಲ್ಲ. ಮತ್ತೊಂದು ದಿನ ಗೊತ್ತಾಯಿತು.

“ಈ ವಾರ ಬ್ಯಾಡ್ರಿ. ಬೀಗತಿ ಇನ್ನ ಮನ್ಯಾಗ ಅದಾಳ. ಹೆಂಗ ಬಿಟ್ಟು ಬರ್ಲಿ?”

ಕೊಟ್ರಪ್ಪ ಡಾಕ್ಟರಿಗೆ ಫೋನು ಮಾಡಿ ಆ ದಿನವನ್ನೂ ಮುಂದಕ್ಕೆ ಹಾಕಿಸಿದರು. ಅವರ ಕಡೆಯ ಮನೆಗಳಲ್ಲಿ ಬೀಗರನ್ನು ಹೋಗಿರೆಂದು ಹೇಳಿದವರಿಲ್ಲ. ಹೊರಟು ನಿಂತವರ ಚೀಲ ಕಸಿದುಕೊಂಡು ನಿಲ್ಲಿಸುವುದು ಮರ್ಯಾದೆ. ಆಪರೇಷನ್ ಮಾಡಿಸೋಣ ಎನ್ನಲು ಆ ಮನೆಯಲ್ಲಿ ಈಗ ಬೇರೆ ಮಾತೇ ಉಳಿದಿರಲಿಲ್ಲ. ಇದ್ದದ್ದು ಬೀಗತಿಯ ಮಾತು ಮಾತ್ರ, ಆ ಮಾತಿನಲ್ಲಿ ಹೆಂಡತಿ ಹೇಳುವುದೇ ನ್ಯಾಯ.

ಒಂದು ಮಧ್ಯಾಹ್ನ ಅಂಗಡಿಯನ್ನು ಆಳಿಗೆ ಒಪ್ಪಿಸಿ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಜಗದೇವಿಯ ದನಿ ಬಂತು.

“ಇಷ್ಟ್ ಲಗೂ ಹೋಗ್ತೀನಂದ್ರ ಹೆಂಗ್ರಿ? ಬಂದೋರು ಇನ್ನ ನಾಕು ದಿನ ಇರ್ರಿ.”

ಕೊಟ್ರಪ್ಪ ಮೆಟ್ಟಿಲಿನ ಮೇಲೇ ನಿಂತರು. ಹೋಗಲು ಎದ್ದವಳನ್ನು ಹೆಂಡತಿಯೇ ಕೈಹಿಡಿದು ಕೂರಿಸುತ್ತಿದ್ದಾಳೆ! ಒಳಗೆ ಹೋದಾಗ ನಡುಮನೆಯಲ್ಲಿ ಜಗದೇವಿ ಒಬ್ಬರೇ ಇದ್ದರು. ಎದುರಿಗೆ ಖಾಲಿ ಕುರ್ಚಿ. ಆಕೆ ಗಂಡನನ್ನು ಕಂಡು ಬೆಚ್ಚಲಿಲ್ಲ. ಎದ್ದು ಹೋಗಿ ಅಡುಗೆಮನೆಯಿಂದ ಆ ಹೆಸರಿಲ್ಲದ ತಟ್ಟೆಯನ್ನು ತಂದು ಕೈಗಿತ್ತರು.

“ಇದಕ್ಕ ಹೆಸರು ಹಾಕ್ಕೊಂಡು ಬರ್ರಿ. ಎಲ್ಲರ ತಾಟಿಗೂ ಐತಿ, ನಂದಕ್ಕ ಯಾಕಿಲ್ಲಂತ ಅಕಿ ಕೇಳ್ಯಾಳ.”

ಕೊಟ್ರಪ್ಪ ತಟ್ಟೆ ಹಿಡಿದು ಅಂಗಡಿಗೆ ಬಂದರು. ಯಾಕೆ ಬಂದೆ ಎಂದು ಅವರಿಗೇ ತಿಳಿಯದು. ತಟ್ಟೆ ಕೊಟ್ಟರೆ ಹೆಸರು ಹಾಕುವುದು ಕೈಗೆ ಕೂತ ಅಭ್ಯಾಸ. ಮಷೀನು ಹಚ್ಚಿದರು, ಅದು ಗುಂಯ್ ಎಂದು ತಿರುಗಿತು. ಎಂದಿನಂತೆ ಹೆಸರನ್ನು ಮೊದಲು ಬಾಯಲ್ಲಿ ಹೇಳಿಕೊಳ್ಳಲು ಹೋದರು. ಬಾಯಿಗೆ ಯಾವ ಹೆಸರೂ ಬರಲಿಲ್ಲ. ಹೊಳೆಯುವ ಸ್ಟೀಲಿನಲ್ಲಿ ಅವರ ಮುಖ ಕಾಣುತ್ತಿತ್ತು. ಅದರ ಭುಜದ ಹಿಂದೆ ಇನ್ನಾರೋ ಬಗ್ಗಿ ನೋಡುತ್ತಿರುವ ಹಾಗೆ ಒಂದು ನೆರಳು. ತಿರುಗಿ ನೋಡಿದರು. ತೂಗುಬಿಟ್ಟ ಕೊಳಗಗಳು ಅಲುಗಾಡುತ್ತಿದ್ದವು, ಅಷ್ಟೆ. ಹೆಸರು ಬಿದ್ದರೆ ಇವಳು ಮನೆಯವಳಾಗುತ್ತಾಳೆ ಎಂಬುದು ಆಗ ಅವರ ಬುದ್ಧಿಗೆ ತಟ್ಟಿತು. ಮಷೀನು ನಿಲ್ಲಿಸಿ ತಟ್ಟೆಯನ್ನು ಬಗಲಲ್ಲಿ ಇಟ್ಟುಕೊಂಡು ಮತ್ತೆ ಮನೆಗೆ ನಡೆದರು.

ಜಗದೇವಿ ಅದೇ ಜಾಗದಲ್ಲಿದ್ದರು. ಕೊಟ್ರಪ್ಪ ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತರು.

“ಅಕಿ ಹೆಸರು ಹೇಳು. ಹಾಕ್ತೀನಿ.”

“ಬೀಗತಿ ಅಂತ ಹಾಕ್ರಿ.”

“ಅದು ಹೆಸರಲ್ಲ. ಅಕಿ ಖರೇ ಹೆಸರು ಹೇಳು.”

ಜಗದೇವಿ ಗಂಡನ ಬಗಲಿನ ತಟ್ಟೆಯನ್ನು ತೆಗೆದು ಕೆಳಗಿಟ್ಟರು. ಬೆತ್ತ ಕಿರ್ರೆಂದಿತು. ಇಬ್ಬರೂ ಆ ಕಡೆ ನೋಡಲಿಲ್ಲ.

“ನೀವಾ ಹೇಳ್ರಿ” ಎಂದರು ಜಗದೇವಿ. “ಡಾಕ್ಟರು ನಿಮ್ಮ ಮುಂದ ಹೇಳ್ಯಾರ. ನನ್ನ ಮುಂದ ಯಾರೂ ಹೇಳಿಲ್ಲ.”

ಬೆವರು ಕೊಟ್ರಪ್ಪನವರ ವಿಭೂತಿಯ ಮೇಲಿಂದ ಹುಬ್ಬಿಗೆ ಇಳಿಯಿತು.

“ಕ್ಯಾನ್ಸರು” ಎಂದರು. “ನಿನಗ ಕ್ಯಾನ್ಸರು ಆಗೈತಿ, ಜಗದೇವಿ. ನಂಗ ಹೆದರಿಕಿ ಆಗ್ತೈತಿ. ಪೂಜಾ ಮಾಡಾಕ ಕುಂತ್ರ ಕೈ ನಡುಗ್ತಾವು. ನಿನ್ನ ಮುಂದ ತೋರಿಸಬಾರದಂತ ನಕ್ಕೋತ ಅಡ್ಡಾಡೀನಿ.”

ಜಗದೇವಿ ಅಳಲಿಲ್ಲ. ಎಷ್ಟೋ ದಿನದ ಮೇಲೆ ಗಂಡನ ಮುಖವನ್ನು ನೆಟ್ಟಗೆ ನೋಡಿದರು.

“ಒಂದು ಎದಿ ಹೋಗ್ತೈತಿ ಅಂತ ನಂಗೂ ಗೊತ್ತೈತ್ರಿ. ಆಮ್ಯಾಲೆ ನಾ ಹೆಂಗ ಕಾಣ್ತೀನಿ, ನೀವು ಹೆಂಗ ನೋಡ್ತೀರಿ, ಕೇಳಬೇಕಂತ ಎಷ್ಟ್ ಸಲ ಬಾಯಿಗೆ ಬಂತು. ಕೇಳಾಕ ನೀವು ಇರ್ಲಿಲ್ಲ. ಅಕಿ ಇದ್ಲು. ಅಕೀನೂ ಹೋದ್ರ ನಾ ಯಾರ ಕೂಡ ಮಾತಾಡ್ಲಿ?”

“ನನ್ನ ಕೂಡ ಮಾತಾಡು” ಎಂದರು ಕೊಟ್ರಪ್ಪ.

ಬಾಗಿಲಲ್ಲಿ ಚೀಲ ಬಿದ್ದ ಸದ್ದಾಯಿತು. ಬಿಂದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಏನೋ. ಜಗದೇವಿ ತಾವಾಗಿಯೇ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದರು. ಮಗಳು ಬಂದು ತಾಯಿಯ ಬೋಳುತಲೆಯನ್ನು ಎರಡೂ ಕೈಯಿಂದ ಹಿಡಿದು, ಅಲ್ಲಿಯೇ ಹಣೆಯಿಟ್ಟು ಅತ್ತಳು. ಅಂದು ನೀನು ಕುರ್ಚಿಯಲ್ಲಿ ಕಂಡದ್ದು ನನ್ನನ್ನೇ ಕಂದಾ, ಹೆದರಬೇಡ ಎಂದು ಜಗದೇವಿ ಬೆನ್ನು ಸವರಿದರು.

ಬಿಂದು ತಲೆಯೆತ್ತಿದಳು. ತಡವರಿಸುತ್ತ, ಈ ಸಲ ಕನ್ನಡದಲ್ಲಿಯೇ ಹೇಳಿದಳು.

“ಇಲ್ಲಮ್ಮಾ. ಆವಾಗ ನೀ ಕಿಚನ್‌ನಲ್ಲಿ ಇದ್ದಿ. ಒಗ್ಗರಣೆ ಹಾಕ್ತಾ ಮಾತಾಡ್ತಿದ್ದಿ. ನಾನು ಕೇಳಿದೆ.”

ಮೂವರೂ ಕುರ್ಚಿಯ ಕಡೆ ನೋಡಿದರು. ಹೆಂಡತಿಯ ಕೈಯನ್ನು ಕೊಟ್ರಪ್ಪ ಗಟ್ಟಿಯಾಗಿ ಹಿಡಿದುಕೊಂಡರು. ಬೆಳಗಿನಿಂದ ಹಸಿದಿದ್ದ ಬಿಂದು ಸ್ವಲ್ಪ ಹೊತ್ತಿಗೆ ಎದ್ದು, ಆ ಹೆಸರಿಲ್ಲದ ತಟ್ಟೆಗೇ ಉಪ್ಪಿಟ್ಟು ಹಾಕಿಕೊಂಡು ತಿಂದಳು.

ಅದೇ ಸಂಜೆ ಮೂವರೂ ಕೂಡಿ ಡಾಕ್ಟರಿಗೆ ಫೋನು ಮಾಡಿದರು. ಕೇಳಬೇಕಾದದ್ದನ್ನೆಲ್ಲ ಜಗದೇವಿಯೇ ಕೇಳಿದರು: ಎಷ್ಟು ಕತ್ತರಿಸುತ್ತಾರೆ, ಕೈ ಎತ್ತಲು ಬರುತ್ತದೆಯೇ, ಮತ್ತೆ ಬರಬಹುದೇ. ಬರಬಹುದು, ಬರದಿರಲೂಬಹುದು ಎಂದರು ಡಾಕ್ಟರು. ಗಂಟು ಮತ್ತೆ ಸ್ವಲ್ಪ ಬೆಳೆದಿರಬಹುದು, ಆದರೂ ಹೊತ್ತು ಮೀರಿಲ್ಲ ಎಂದರು.

ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಜಗದೇವಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ಒಂದು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಕುಪ್ಪಸದ ಖಣ ಇಟ್ಟುಕೊಂಡು ಬಂದರು. ಹೊರಡುವ ಬೀಗತಿಗೆ ಉಡಿ ತುಂಬದೆ ಕಳುಹಿಸುವ ಪದ್ಧತಿ ಅವರಲ್ಲಿಲ್ಲ. ಬೆತ್ತದ ಕುರ್ಚಿಯ ಮೇಲೆ ಖಣವನ್ನು ಹಾಸಿ ಅಕ್ಕಿ ಸುರಿದರು, ಕಾಯಿ ಇಟ್ಟರು, ಕುಂಕುಮ ಹಚ್ಚಿದರು. ಕೊಟ್ರಪ್ಪ ಬೇಡ ಎನ್ನಲಿಲ್ಲ. ಆದರೆ ಹೆಂಡತಿ ಕೈಮುಗಿದು ಬಾಯಿ ತೆರೆದಾಗ ಅವರು ಒಂದು ಹೆಜ್ಜೆ ಮುಂದೆ ಬಂದರು. ನಮ್ಮವರಲ್ಲಿ ಹೋಗು ಎಂದಷ್ಟೇ ಯಾರಿಗೂ ಹೇಳುವುದಿಲ್ಲ. ಹೋಗಿ ಬಾ ಎನ್ನಬೇಕು. ಬರಿಯ ಹೋಗು ಅಪಶಕುನ. ಹುಟ್ಟಿದಂದಿನಿಂದ ನಾಲಗೆಗೆ ಅಂಟಿದ ಮಾತು ಅದು.

“ಹೋಗಿ...” ಎಂದರು ಜಗದೇವಿ.

ಕೊಟ್ರಪ್ಪ ನಡುವೆಯೇ ತಡೆದು, “ಜಗದೇವಿ, ಮುಂದಿಂದು ಅನಬ್ಯಾಡ” ಎಂದರು.

ಜಗದೇವಿಯ ತುಟಿ ಮುಂದಿನ ಮಾತಿಗಾಗಿ ಅಲುಗಾಡಿ ನಿಂತಿತು. ಗಾಳಿಯಿಲ್ಲದ ಆ ಹೊತ್ತಿನಲ್ಲಿ ಕುರ್ಚಿಯ ಮೇಲಿನ ಖಣದ ಅಂಚು ಸಣ್ಣಗೆ ಎದ್ದು ಮಲಗಿತು.

“ಹೋಗ್ರಿ” ಎಂದರು ಆಕೆ. ಅಷ್ಟಕ್ಕೇ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಗಂಡನ ತೋಳು ಹಿಡಿದು ಮೆಟ್ಟಿಲು ಇಳಿದರು. ತಿರುಗಿ ನೋಡಲಿಲ್ಲ.

ಆಪರೇಷನ್ ಆಯಿತು. ಎಡ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಗಾಯದ ನೀರು ಇಳಿಯುವ ನಳಿಕೆ ಹಾಕಿಸಿಕೊಂಡು ಮನೆಗೆ ಬಂದ ಜಗದೇವಿ, ಮೊದಲ ಸಲ ಪಟ್ಟಿ ಬಿಚ್ಚುವಾಗ ಕಣ್ಣು ಮುಚ್ಚಿಕೊಳ್ಳಿರಿ ಎಂದು ಗಂಡನಿಗೆ ಹೇಳಿದರಂತೆ. ಕೊಟ್ರಪ್ಪ ಮುಚ್ಚಲಿಲ್ಲ. ನೋಡಿ, “ಹೊಲಿಗಿ ಚಂದ ಹಾಕ್ಯಾರ. ನಾ ಆಗಿದ್ರ ಹೆಸರೂ ಹಾಕ್ತಿದ್ದೆ” ಎಂದರಂತೆ. ನಕ್ಕು ನಕ್ಕು ಹೊಲಿಗೆ ನೋಯಿತು ಎಂದು ಜಗದೇವಿ ಈಗಲೂ ಬೈಯುತ್ತಾರೆ.

ಬಿಂದು ಈಗ ಕ್ರೋಂಪೇಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಸಂಜೆ ಟ್ರೈನಿನಿಂದ ಇಳಿದು ಬಂದವಳು ಮೊದಲು ಕೇಳುವುದು ಆಪರೇಷನ್ ಆದ ಮೇಲೆ ತಾಯಿಯ ಎಡಗೈಗೆ ಬಂದ ಬಾವು ಇಳಿದಿದೆಯೇ ಎಂದು. ಆರಾರು ತಿಂಗಳಿಗೆ ತಪಾಸಣೆ ಇರುತ್ತದೆ. ಅದು ಹತ್ತಿರ ಬಂದಾಗ ಮನೆಯ ಮೇಲೆ ಏನೋ ಬಾಗಿ ನಿಂತ ಹಾಗೆ ಆಗುವುದುಂಟು. ಮಾತು ತಾನಾಗಿಯೇ ತಗ್ಗುತ್ತದೆ. ಆಗ ಇಬ್ಬರಲ್ಲಿ ಒಬ್ಬರು, “ನಂಗ ಇವತ್ತು ಹೆದರಿಕಿ ಆಗೈತಿ” ಎಂದು ಬಾಯಿಬಿಟ್ಟು ಹೇಳಬೇಕೆಂಬುದು ಅವರು ಮಾಡಿಕೊಂಡ ಕಟ್ಟಳೆ. ಇನ್ನೊಬ್ಬರು ಕೈಯ ಕೆಲಸ ಬಿಟ್ಟು ಕೇಳಬೇಕು.

ಕೊಟ್ರಪ್ಪ ಈಗ ಅಂಗಡಿಯನ್ನು ಬೇಗ ಮುಚ್ಚುತ್ತಾರೆ. ಬಿಗಿದ ತೋಳು ಸಡಿಲವಾಗಲೆಂದು ಆಸ್ಪತ್ರೆಯವರು ಹೇಳಿಕೊಟ್ಟ ಒಂದು ಅಭ್ಯಾಸವಿದೆ: ಗೋಡೆಗೆ ಎದುರಾಗಿ ನಿಂತು ಎಡಗೈಯ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ದಿನವೂ ದೀಪ ಹಚ್ಚುವ ಹೊತ್ತಿಗೆ ಜಗದೇವಿ ಗೋಡೆಯ ಮುಂದೆ ನಿಲ್ಲುತ್ತಾರೆ. ಕೊಟ್ರಪ್ಪ ಪೆನ್ಸಿಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಬೆರಳು ನಿನ್ನೆಯ ಗೆರೆಯ ಹತ್ತಿರ ಬಂದಾಗ, “ಇನ್ನ ಸ್ವಲ್ಪ ಮ್ಯಾಲೆ ಹೋಗ್ತೀಯೇನು?” ಎಂದು ಕೇಳುತ್ತಾರೆ.

“ನೋಯ್ತೈತ್ರಿ.”

“ನೋಯ್ತೈತೇನು? ಹಂಗಾರ ಇವತ್ತಿಗೆ ಇಲ್ಲಿಗೇ ಸಾಕು” ಎಂದು ಕೊಟ್ರಪ್ಪ ಅಲ್ಲಿಯೇ ಗೆರೆ ಎಳೆಯುತ್ತಾರೆ.